ಮೂರೂ ನಾಲ್ಕೂ ಐದಾಗುವ ಲೆಕ್ಕ

ಮೂರಕ್ಕೆ ನಾಲ್ಕನ್ನು ಕೂಡಿಸಿದರೆ ಏಳಾಗುತ್ತದೆ ಎಂಬ ಮಾತಿಗೆ ಯಾರ ಆಕ್ಷೇಪಣೆಯೂ ಇರಲಾರದು. ಮೂರು ಸೇರು ಅಕ್ಕಿಯಿರುವ ಪಾತ್ರೆಗೆ ಇನ್ನೂ ನಾಲ್ಕು ಸೇರು ಸುರಿದರೆ ಅಲ್ಲಿ ಏಳು ಸೇರು ಅಕ್ಕಿ ಇರುತ್ತದೆ. ಸುರಿದವರು ಪೂರ್ವಕ್ಕೆ ಮುಖಮಾಡಿ ನಿಂತಿದ್ದರೋ ಪಶ್ಚಿಮಕ್ಕೆ ಮುಖಮಾಡಿ ನಿಂತಿದ್ದರೋ ಎಂದು ಯಾವ ಗೃಹಿಣಿಯೂ ವಿಚಾರಿಸುವುದಿಲ್ಲ. ವಿಚಾರಿಸುವ ಅಗತ್ಯವೂ ಇಲ್ಲ.

ಈಗ ಇನ್ನೊಂದು ಲೆಕ್ಕವನ್ನು ನೋಡೋಣ. ಒಬ್ಬಾತ ಮನೆಯಿಂದ ಹೊರಟು ನೇರವಾಗಿ ಪೂರ್ವಕ್ಕೆ 3 ಕಿಲೊಮೀಟರು ನಡೆದ. ಅಲ್ಲಿಂದ ಉತ್ತರಕ್ಕೆ ತಿರುಗಿ 4 ಕಿಲೊಮೀಟರು ನಡೆದ. ಅವನು ಕ್ರಮಿಸಿದ ದಾರಿ ಏಳು ಕಿಲೊಮೀಟರು ಎಂಬುದರಲ್ಲಿ ಸಂದೇಹವಿಲ್ಲ. ಅವನ ಕಾಲುಗಳೇ ಅದಕ್ಕೆ ಸಾಕ್ಷಿ. ಆದರೆ ಅವನೀಗ ಮನೆಯಿಂದ ಎಷ್ಟು ದೂರದಲ್ಲಿದ್ದಾನೆ? ಮನೆಯಿಂದ ಅವನವರೆಗೆ ನೇರವಾಗಿ ಹಗ್ಗ ಹಿಡಿದು ಅಳೆದರೆ ಐದೇ ಕಿಲೊಮೀಟರು. ಅವನು ಉತ್ತರಕ್ಕೆ ತಿರುಗುವ ಬದಲು ಬಂದ ದಾರಿಯಲ್ಲೇ ಪಶ್ಚಿಮಕ್ಕೆ ಮರಳಿ 4 ಕಿಲೊಮೀಟರು ನಡೆದಿದ್ದರೆ, ಮನೆಯನ್ನು ದಾಟಿ ಆಚೆಗೆ ಒಂದೇ ಒಂದು ಕಿಲೊಮೀಟರಿನಲ್ಲಿ ನಿಂತಿರುತ್ತಿದ್ದ. ಪೂರ್ವಕ್ಕೇ ಮುಂದುವರಿದಿದ್ದರೆ ಏಳು. ಅಂದರೆ, ಆತ ಯಾವ ಕಡೆಗೆ ತಿರುಗಿದ ಎಂಬುದನ್ನು ಅನುಸರಿಸಿ, ಮೂರೂ ನಾಲ್ಕೂ ಸೇರಿದ ಮೊತ್ತ ಒಂದರಿಂದ ಏಳರವರೆಗೆ ಏನು ಬೇಕಾದರೂ ಆಗಬಹುದು.

ಇಲ್ಲಿ ಅಂಕಗಣಿತ ಕೆಟ್ಟಿಲ್ಲ. ನಾವು ಕೂಡಿಸಲು ಹೊರಟ ವಸ್ತುವೇ ಬೇರೆ ಜಾತಿಯದು. ಅಕ್ಕಿಯ ಅಳತೆಯನ್ನು ಹೇಳಲು ಒಂದು ಸಂಖ್ಯೆ ಮತ್ತು ಒಂದು ಮಾನ, ಇವೆರಡು ಸಾಕು. ಸ್ಥಳದಿಂದ ಸ್ಥಳಕ್ಕೆ ಸರಿದ ಸರಿತವನ್ನು ಹೇಳಲು ಅವೆರಡರ ಜೊತೆಗೆ ದಿಕ್ಕೂ ಬೇಕು. ಮೊದಲನೆಯ ಬಗೆಯವುಗಳನ್ನು ಭೌತವಿಜ್ಞಾನದಲ್ಲಿ ಅದಿಶ ಪರಿಮಾಣಗಳೆಂದೂ ಎರಡನೆಯ ಬಗೆಯವುಗಳನ್ನು ಸದಿಶ ಪರಿಮಾಣಗಳೆಂದೂ ಕರೆಯುತ್ತಾರೆ. ದಿಕ್ಕಿನಿಂದ ಕೂಡಿದ್ದು ಸದಿಶ, ದಿಕ್ಕಿಲ್ಲದ್ದು ಅದಿಶ. ಪಾರಿಭಾಷಿಕ ಪದಗಳೆಂದರೆ ಮುಖ ಸಿಂಡರಿಸುವವರು ನಮ್ಮಲ್ಲಿ ಉಂಟು. ಆದರೆ ಈ ಎರಡು ಪದಗಳು ಇಂಗ್ಲಿಷಿನ ಸ್ಕೇಲರ್, ವೆಕ್ಟರ್ ಎಂಬವುಗಳಿಗಿಂತ ಎಷ್ಟೋ ಮೇಲು ಎಂದು ನನ್ನ ಅಭಿಪ್ರಾಯ. ಆ ಲ್ಯಾಟಿನ್ ಮೂಲದ ಮಾತುಗಳಲ್ಲಿ ಒಂದಕ್ಕೆ ಏಣಿ ಎಂದೂ ಇನ್ನೊಂದಕ್ಕೆ ಹೊತ್ತೊಯ್ಯುವವನು ಎಂದೂ ಮೂಲಾರ್ಥ. ವಿಷಯವನ್ನು ಮೊದಲೇ ತಿಳಿದವರಿಗೆ ಮಾತ್ರ ಅವುಗಳ ಔಚಿತ್ಯ ಹೊಳೆದೀತು. ನಮ್ಮ ಪದಗಳಾದರೋ ತಮ್ಮ ಅರ್ಥವನ್ನು ತಾವೇ ಹೇಳಿಕೊಳ್ಳುತ್ತವೆ.

ಕಾಲ, ದ್ರವ್ಯರಾಶಿ, ಉಷ್ಣತೆ, ಶಕ್ತಿ, ಗಾತ್ರ - ಇವು ಅದಿಶಗಳು. ಸ್ಥಾನಪಲ್ಲಟ, ವೇಗ, ವೇಗೋತ್ಕರ್ಷ, ಬಲ, ಸಂವೇಗ - ಇವು ಸದಿಶಗಳು. ಉಷ್ಣತೆ ಸೊನ್ನೆಗಿಂತ ಐದು ಡಿಗ್ರಿ ಕೆಳಗಿದೆ ಎಂದಾಗ ಅಲ್ಲಿ ಋಣಚಿಹ್ನೆ ಬರುತ್ತದೆ. ಅದು ದಿಕ್ಕಲ್ಲ, ಎಣಿಕೆಯ ಆರಂಭ ಎಲ್ಲಿಂದ ಎಂಬುದರ ಸೂಚನೆ ಅಷ್ಟೆ.

ದೈನಂದಿನ ಮಾತಿನಲ್ಲಿ ನಾವು ಜವ, ವೇಗ ಎಂಬ ಎರಡು ಪದಗಳಲ್ಲಿ ಭೇದವೆಣಿಸುವುದಿಲ್ಲ. ಭೌತವಿಜ್ಞಾನಿಗೆ ಆ ಸ್ವಾತಂತ್ರ್ಯವಿಲ್ಲ. ಗಂಟೆಗೆ 60 ಕಿಲೊಮೀಟರು ಎಂಬುದು ಜವ; ಗಂಟೆಗೆ 60 ಕಿಲೊಮೀಟರು ಈಶಾನ್ಯದ ಕಡೆಗೆ ಎಂಬುದು ವೇಗ. ಕುಂಬಾರನ ತಿಗರಿ ಒಂದೇ ಸಮನೆ ತಿರುಗುತ್ತಿರುವಾಗ ಅದರ ಅಂಚಿನಲ್ಲಿ ಅಂಟಿರುವ ಮಣ್ಣಿನ ಕಣದ ಜವ ಬದಲಾಗುತ್ತಿಲ್ಲ. ವೇಗವಾದರೋ ಕ್ಷಣಕ್ಷಣಕ್ಕೂ ಬದಲಾಗುತ್ತಿದೆ, ಏಕೆಂದರೆ ಕಣದ ದಿಕ್ಕು ಕ್ಷಣಕ್ಷಣಕ್ಕೂ ಬೇರೆ. ವೇಗ ಬದಲಾಗಬೇಕಾದರೆ ಬಲ ಬೇಕು. ಆ ಬಲವನ್ನು ಒದಗಿಸುತ್ತಿರುವುದು ಮಣ್ಣಿನ ಅಂಟು. ಅಂಟು ಸಾಲದಾದಾಗ ಕಣ ಸಿಡಿದು ಹೋಗುತ್ತದೆ. ಭೂಮಿಯ ಸುತ್ತ ಚಂದ್ರ ತಿರುಗುವುದರಲ್ಲಿಯೂ ಇದೇ ಮರ್ಮ. ಜವವನ್ನು ಮಾತ್ರ ನೋಡುವವನಿಗೆ ಚಂದ್ರನ ಮೇಲೆ ಬಲವೊಂದು ಸದಾ ಕೆಲಸ ಮಾಡುತ್ತಿದೆ ಎಂಬುದೇ ಕಾಣಿಸುವುದಿಲ್ಲ.

ಸದಿಶಗಳನ್ನು ಕೂಡಿಸುವ ಕ್ರಮವನ್ನು ಹೊಳೆ ದಾಟಿಸುವ ಅಂಬಿಗ ಪುಸ್ತಕವಿಲ್ಲದೆ ಬಲ್ಲ. ಹಂಪೆಯ ಬಳಿ ತುಂಗಭದ್ರೆಯಲ್ಲಿ ಹರಿಗೋಲು ನಡೆಸುವವರನ್ನು ಕಂಡವರಿಗೆ ಇದು ಗೊತ್ತು: ಎದುರು ದಡದಲ್ಲಿ ಯಾವ ಬಂಡೆಯ ಬಳಿ ಇಳಿಯಬೇಕೋ ಆ ಬಂಡೆಯ ಕಡೆಗೆ ಅವರು ಹುಟ್ಟು ಹಾಕುವುದಿಲ್ಲ, ಅದಕ್ಕಿಂತ ಮೇಲಕ್ಕೆ, ನೀರು ಬರುತ್ತಿರುವ ಕಡೆಗೆ ಹಾಕುತ್ತಾರೆ. ಹರಿಗೋಲು ದುಂಡಗಿರುವುದರಿಂದ ಅದಕ್ಕೆ ಮುಂದು ಹಿಂದು ಎಂಬುದಿಲ್ಲ; ಲೆಕ್ಕದ ಅನುಕೂಲಕ್ಕೆ ಉದ್ದನೆಯ ದೋಣಿಯನ್ನೇ ಇಟ್ಟುಕೊಳ್ಳೋಣ. ಹೊಳೆಯ ಅಗಲ 400 ಮೀಟರು. ನಿಂತ ನೀರಿನಲ್ಲಿ ದೋಣಿ ಗಂಟೆಗೆ 5 ಕಿಲೊಮೀಟರು ಸಾಗಬಲ್ಲದು. ಹೊಳೆ ಹರಿಯುತ್ತಿರುವುದು ಗಂಟೆಗೆ 3 ಕಿಲೊಮೀಟರು ಜವದಲ್ಲಿ. ಹೊಸಬನೊಬ್ಬ ದೋಣಿಯ ಮೂತಿಯನ್ನು ನೇರ ಎದುರು ದಡಕ್ಕೇ ಹಿಡಿದು ಹೊರಟರೆ 4 ನಿಮಿಷ 48 ಸೆಕೆಂಡಿನಲ್ಲಿ ಆಚೆ ದಡ ಸೇರುತ್ತಾನೆ. ಆದರೆ ಅಷ್ಟರಲ್ಲಿ ಹೊಳೆ ಅವನನ್ನು 240 ಮೀಟರು ಕೆಳಕ್ಕೆ ಒಯ್ದಿರುತ್ತದೆ. ಅನುಭವಿ ಅಂಬಿಗ ಮೂತಿಯನ್ನು ಓರೆಯಾಗಿ ಮೇಲಕ್ಕೆ ತಿರುಗಿಸುತ್ತಾನೆ. ಎಷ್ಟು ಓರೆ ಎಂದರೆ, ಅವನ 5 ಕಿಲೊಮೀಟರುಗಳ ಪೈಕಿ 3 ಕಿಲೊಮೀಟರಿನ ಅಂಶ ಹೊಳೆಗೆ ಎದುರಾಗಿ ನಿಂತು ಅದನ್ನು ಸರಿದೂಗಿಸುವಷ್ಟು. ಹಾಗಾದರೆ ಹೊಳೆಗೆ ಅಡ್ಡಲಾಗಿ ಸಾಗಲು ಎಷ್ಟು ಉಳಿಯಿತು? ಐದರಲ್ಲಿ ಮೂರು ಕಳೆದರೆ ಎರಡು ಎನ್ನುವವನು ಇನ್ನೂ ಅಕ್ಕಿಯ ಲೆಕ್ಕದಲ್ಲೇ ಇದ್ದಾನೆ. ಉಳಿಯುವುದು ನಾಲ್ಕು. ಆರು ನಿಮಿಷಗಳಲ್ಲಿ ದೋಣಿ ನೇರವಾಗಿ ಬಂಡೆಯ ಬಳಿಗೇ ಬಂದು ನಿಲ್ಲುತ್ತದೆ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಸ್ವಾರಸ್ಯವೊಂದಿದೆ. ಹೊಸಬನನ್ನು ಹೊಳೆ ಎಷ್ಟೇ ಕೆಳಕ್ಕೆ ಒಯ್ದರೂ ಅವನು ದಡ ಮುಟ್ಟುವ ಕಾಲವನ್ನು ಅದು ಹೆಚ್ಚಿಸಲೂ ಇಲ್ಲ, ಕಡಿಮೆ ಮಾಡಲೂ ಇಲ್ಲ. ಅಡ್ಡಕ್ಕಿರುವ ವೇಗ ಬೇರೆ, ಉದ್ದಕ್ಕಿರುವ ವೇಗ ಬೇರೆ. ಪರಸ್ಪರ ಲಂಬವಾಗಿರುವಾಗ ಒಂದು ಇನ್ನೊಂದರ ಕೆಲಸದಲ್ಲಿ ಕೈಹಾಕುವುದಿಲ್ಲ. ಆದರೆ ಮಳೆಗಾಲದಲ್ಲಿ ಹೊಳೆ ತುಂಬಿ ಗಂಟೆಗೆ 6 ಕಿಲೊಮೀಟರು ಹರಿಯತೊಡಗಿದರೆ, ಯಾವ ಕೋನದಲ್ಲಿ ಹುಟ್ಟು ಹಾಕಿದರೂ ಈ ದೋಣಿ ನೇರ ಎದುರಿಗೆ ಇಳಿಯಲಾರದು. ಆಗ ಅಂಬಿಗ ದೋಣಿಯನ್ನು ದಡದಗುಂಟ ಬಹಳ ಮೇಲಕ್ಕೆ ಎಳೆದುಕೊಂಡು ಹೋಗಿ ಅಲ್ಲಿಂದ ಹೊರಡುತ್ತಾನೆ, ಇಲ್ಲವೇ ಮನೆಯಲ್ಲಿ ಕೂರುತ್ತಾನೆ.

ವೇಗಗಳ ಇದೇ ಸಂಕಲನ ಒಮ್ಮೆ ಖಗೋಳವಿಜ್ಞಾನದ ಬಹು ದೊಡ್ಡ ವಿವಾದವೊಂದಕ್ಕೆ ಪ್ರತ್ಯಕ್ಷ ಪ್ರಮಾಣವನ್ನು ಒದಗಿಸಿತು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ಕೊಪರ್ನಿಕಸ್ 1543ರಲ್ಲಿ ಸಾರಿದ್ದ. ಹದಿನೆಂಟನೆಯ ಶತಮಾನದ ವೇಳೆಗೆ ವಿದ್ವಾಂಸರಲ್ಲಿ ಹೆಚ್ಚಿನವರು ಅದನ್ನು ಒಪ್ಪಿದ್ದರೂ ನಕ್ಷತ್ರಗಳಲ್ಲಿ ಅದರ ಗುರುತು ಕಂಡಿರಲಿಲ್ಲ. ಭೂಮಿ ತನ್ನ ಕಕ್ಷೆಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದಾಗ ಹತ್ತಿರದ ನಕ್ಷತ್ರಗಳು ಅತ್ತಿತ್ತ ಸ್ವಲ್ಪ ಸರಿದಂತೆ ಕಾಣಬೇಕಷ್ಟೆ? ಅದನ್ನು ಹಿಡಿಯಬೇಕೆಂದು ಇಂಗ್ಲೆಂಡಿನ ಜೇಮ್ಸ್ ಬ್ರ್ಯಾಡ್ಲಿ ತನ್ನ ಮಿತ್ರ ಸ್ಯಾಮ್ಯುಯೆಲ್ ಮಾಲಿನ್ಯೂನೊಡನೆ 1725ರ ಡಿಸೆಂಬರಿನಲ್ಲಿ ವೀಕ್ಷಣೆಗೆ ತೊಡಗಿದ. ಅವರು ಆರಿಸಿಕೊಂಡದ್ದು ಡ್ರೇಕೊ ಪುಂಜದಲ್ಲಿ, ಲಂಡನ್ನಿನ ನೆತ್ತಿಯ ಬಳಿ ಹಾದುಹೋಗುವ ಒಂದು ತಾರೆಯನ್ನು. ತಾರೆ ಸರಿಯಿತು, ನಿಜ. ಆದರೆ ಅದು ಸರಿದ ರೀತಿ ವಿಚಿತ್ರವಾಗಿತ್ತು. ಡಿಸೆಂಬರಿನಲ್ಲಿ ಅತ್ಯಂತ ದಕ್ಷಿಣಕ್ಕೆ ಇರಬೇಕಾದ ನಕ್ಷತ್ರ ಇನ್ನೂ ದಕ್ಷಿಣಕ್ಕೆ ಜರುಗುತ್ತ ಮಾರ್ಚಿಯಲ್ಲಿ ಅಲ್ಲಿಗೆ ತಲುಪಿತು. ಸೆಪ್ಟೆಂಬರಿನಲ್ಲಿ ಉತ್ತರದ ತುದಿ ಮುಟ್ಟಿತು. ನಿರೀಕ್ಷೆಗೂ ಕಂಡದ್ದಕ್ಕೂ ಸರಿಯಾಗಿ ಮೂರು ತಿಂಗಳ ಅಂತರ.

ಈ ಮೂರು ತಿಂಗಳು ಎಲ್ಲಿಂದ ಬಂತು? ಬ್ರ್ಯಾಡ್ಲಿ ಬಹುಕಾಲ ತಲೆ ಕೆಡಿಸಿಕೊಂಡ. 1728ರಲ್ಲಿ ಅವನು ಥೇಮ್ಸ್ ನದಿಯಲ್ಲಿ ಹಾಯಿದೋಣಿಯಲ್ಲಿ ಹೋಗುತ್ತಿದ್ದಾಗ ಕೂವೆಮರದ ತುದಿಯ ಗಾಳಿಪಟ್ಟಿ ದೋಣಿ ತಿರುಗಿದಾಗಲೆಲ್ಲ ತಾನೂ ದಿಕ್ಕು ಬದಲಿಸುವುದನ್ನು ಕಂಡನಂತೆ. ಗಾಳಿ ಬದಲಾಗಿರಲಿಲ್ಲ. ದೋಣಿಯ ವೇಗ ಬದಲಾಗಿತ್ತು. ಪಟ್ಟಿ ತೋರಿಸುತ್ತಿದ್ದುದು ಗಾಳಿಯ ವೇಗವನ್ನಲ್ಲ, ಗಾಳಿಯ ವೇಗವೂ ದೋಣಿಯ ವೇಗವೂ ಕೂಡಿದ ಫಲವನ್ನು. ನಮ್ಮಲ್ಲಿ ಇದನ್ನು ತಿಳಿಯಲು ಹಾಯಿದೋಣಿ ಬೇಕಾಗಿಲ್ಲ. ಗಾಳಿಯಿಲ್ಲದ ದಿನ ಮಳೆ ನೆಟ್ಟಗೆ ಬೀಳುತ್ತಿರುವಾಗ ಕೊಡೆಯನ್ನು ನೇರವಾಗಿ ಹಿಡಿದು ನಿಂತವನ ಬಟ್ಟೆ ತೋಯುವುದಿಲ್ಲ. ಅವನೇ ಬಿರಬಿರನೆ ನಡೆಯತೊಡಗಿದರೆ ಪಂಚೆಯ ಮುಂಭಾಗವೆಲ್ಲ ಒದ್ದೆ. ಕೊಡೆಯನ್ನು ಮುಂದಕ್ಕೆ ಬಾಗಿಸದೆ ಗತ್ಯಂತರವಿಲ್ಲ. ಹಿಂದಿರುಗಿ ನಡೆದರೆ ಕೊಡೆಯೂ ಆ ಕಡೆಗೇ ಬಾಗಬೇಕು.

ನಕ್ಷತ್ರದ ಬೆಳಕೇ ಮಳೆ, ದೂರದರ್ಶಕವೇ ಕೊಡೆ. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೊಮೀಟರು ಧಾವಿಸುತ್ತಿದೆ. ಬೆಳಕು ಸೆಕೆಂಡಿಗೆ ಸುಮಾರು 3,00,000 ಕಿಲೊಮೀಟರು. ಒಂದಕ್ಕೆ ಹತ್ತು ಸಾವಿರದ ಪ್ರಮಾಣ. ಆದ್ದರಿಂದ ದೂರದರ್ಶಕವನ್ನು ಬಾಗಿಸಬೇಕಾದ ಕೋನ ಅತ್ಯಲ್ಪ, ಇಪ್ಪತ್ತು ವಿಕಲೆಗಿಂತ ತುಸು ಹೆಚ್ಚು. ನೂರು ಮೀಟರು ದೂರದಲ್ಲಿ ಹಿಡಿದ ಒಂದು ಸೆಂಟಿಮೀಟರು ಅಗಲದ ಗುಂಡಿ ನಮ್ಮ ಕಣ್ಣಿಗೆ ಎಷ್ಟು ಅಗಲ ಕಂಡೀತೋ ಅಷ್ಟು. ಬ್ರ್ಯಾಡ್ಲಿ ಅಳೆದದ್ದು ಅದನ್ನೇ. ಮೂರು ತಿಂಗಳ ಒಗಟೂ ಇದರಿಂದ ಬಿಡಿಸಿತು. ಅವನು ಹುಡುಕಿದ್ದು ಭೂಮಿಯ ಸ್ಥಾನದ ಪರಿಣಾಮವನ್ನು. ಅವನಿಗೆ ಸಿಕ್ಕಿದ್ದು ಭೂಮಿಯ ವೇಗದ ಪರಿಣಾಮ. ಸೂರ್ಯನಿಂದ ಭೂಮಿಗೆ ಎಳೆದ ಗೆರೆ ಒಂದು ಸದಿಶ. ಭೂಮಿಯ ವೇಗ ಇನ್ನೊಂದು ಸದಿಶ. ಕಕ್ಷೆ ಬಹುಮಟ್ಟಿಗೆ ವೃತ್ತವಾದ್ದರಿಂದ ಇವೆರಡಕ್ಕೂ ನಡುವೆ ಸದಾ ಒಂದು ಲಂಬಕೋನವಿರುತ್ತದೆ. ವೃತ್ತದಲ್ಲಿ ಲಂಬಕೋನವೆಂದರೆ ಕಾಲು ಸುತ್ತು. ಭೂಮಿಗೆ ಕಾಲು ಸುತ್ತು ಎಂದರೆ ಮೂರು ತಿಂಗಳು. ಭೂಮಿ ಚಲಿಸುತ್ತಿದೆ ಎಂಬುದಕ್ಕೆ ಮಾನವನಿಗೆ ದೊರೆತ ಮೊದಲ ನೇರ ಪುರಾವೆ ಹೀಗೆ ಒಂದು ಬಾಗಿದ ದೂರದರ್ಶಕದಿಂದ ಬಂತು. ಅವನು ಮೊದಲು ಹುಡುಕಹೊರಟಿದ್ದ ಸ್ಥಾನಭೇದ ಇದಕ್ಕಿಂತಲೂ ಎಷ್ಟೋ ಪಾಲು ಸೂಕ್ಷ್ಮವಾದದ್ದು. ಅದು ಅಳತೆಗೆ ಸಿಕ್ಕಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಬಲಗಳ ವಿಷಯದಲ್ಲಿಯೂ ಇದೇ ನಿಯಮ. ನೆದರ್ಲೆಂಡಿನ ಸೈಮನ್ ಸ್ಟೆವಿನ್ 1586ರಲ್ಲಿ ಇಳಿಜಾರಿನ ಮೇಲಿಟ್ಟ ಭಾರಗಳ ವಿಚಾರದಲ್ಲಿ ಇದರ ಎಳೆಯನ್ನು ಹಿಡಿದ. ನ್ಯೂಟನ್ 1687ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಚಲನ ನಿಯಮಗಳ ಬೆನ್ನಿಗೇ ಮೊದಲ ಉಪಸಿದ್ಧಾಂತವಾಗಿ ಅದನ್ನು ನಿಲ್ಲಿಸಿದ. ಎರಡು ಬಲಗಳನ್ನು ಎರಡು ಬಾಣಗಳಾಗಿ ಬರೆದು ಅವೇ ಬಾಹುಗಳಾಗುವಂತೆ ಸಮಾಂತರ ಚತುರ್ಭುಜವೊಂದನ್ನು ಪೂರ್ತಿ ಮಾಡಿದರೆ, ಅವೆರಡರ ಜಂಟಿ ಪರಿಣಾಮ ಅದರ ಕರ್ಣ. ಶಾಲೆಯಲ್ಲಿ ಎಲ್ಲರೂ ಕಲಿತಿರುತ್ತಾರೆ, ಬಹುಪಾಲು ಜನ ಮರೆತಿರುತ್ತಾರೆ. ಮರೆತುದರ ಫಲವನ್ನು ಮಾತ್ರ ಬಟ್ಟೆ ಒಣಹಾಕುವ ಹಗ್ಗದಲ್ಲಿ ಅನುಭವಿಸುತ್ತಾರೆ.

ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ಅದರ ನಟ್ಟನಡುವೆ ಹತ್ತು ಕಿಲೋ ತೂಕವನ್ನು ತೂಗುಹಾಕಿ ನೋಡಿ. ಹಗ್ಗ ಚೆನ್ನಾಗಿ ಜೋತುಬಿದ್ದು ಎರಡೂ ಕಡೆ ಸಮತಲಕ್ಕೆ 30 ಡಿಗ್ರಿ ಕೋನದಲ್ಲಿದ್ದರೆ ಹಗ್ಗದ ಒಂದೊಂದು ಭಾಗದ ಬಿಗಿತವೂ ಹತ್ತು ಕಿಲೋ ತೂಕದಷ್ಟು. ಎರಡು ಭಾಗಗಳು ಹಂಚಿಕೊಂಡು ಹೊತ್ತರೆ ತಲಾ ಐದಾಗಬೇಕಲ್ಲವೇ ಎಂದು ಕೇಳಬಹುದು. ನೆಟ್ಟಗೆ ಮೇಲಕ್ಕೆ ಎಳೆದಿದ್ದರೆ ಐದೇ ಆಗುತ್ತಿತ್ತು. ಓರೆಯಾಗಿ ಎಳೆಯುವಾಗ ಬಲದ ಒಂದಂಶ ಮಾತ್ರ ಭಾರವನ್ನು ಹೊರುತ್ತದೆ, ಉಳಿದುದು ಎದುರು ಭಾಗದ ಎಳೆತದೊಡನೆ ಸೆಣಸುವುದರಲ್ಲಿ ವ್ಯರ್ಥವಾಗುತ್ತದೆ. ಈಗ ಹಗ್ಗ ಅಂದವಾಗಿ ಕಾಣಲೆಂದು ಅದನ್ನು ಬಿಗಿಯಾಗಿ ಎಳೆದು ಕಟ್ಟಿ, ಜೋತು ಕೇವಲ 5 ಡಿಗ್ರಿಯಷ್ಟಾಗಲಿ. ಅದೇ ಹತ್ತು ಕಿಲೋ ತೂಕಕ್ಕೆ ಹಗ್ಗದಲ್ಲಿ ಏಳುವ ಬಿಗಿತ ಐವತ್ತೇಳು ಕಿಲೋ ತೂಕದಷ್ಟಾಗುತ್ತದೆ. ಹಗ್ಗ ಕಿತ್ತುಬಂದರೆ ಅಥವಾ ಗೋಡೆಯ ಮೊಳೆ ಎದ್ದುಬಂದರೆ ಬಟ್ಟೆಯ ಭಾರವನ್ನು ದೂರುವುದು ತರವಲ್ಲ. ಹಗ್ಗವನ್ನು ಪೂರ್ತಿ ಸಮತಲಕ್ಕೆ ತರಲು ಎಷ್ಟು ಬಲ ಬೇಕು? ಎರಡು ಕಡೆ ಎರಡು ಆನೆಗಳನ್ನು ಕಟ್ಟಿ ಎಳೆಸಿದರೂ ಆಗದು. ಅಡ್ಡಲಾಗಿ ಎಳೆಯುವ ಬಲದಲ್ಲಿ ಮೇಲ್ಮುಖವಾದ ಅಂಶ ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಅದು ಹತ್ತು ಕಿಲೋ ಭಾರವನ್ನು ಹೊರಲಾರದು. ಕಂಬದಿಂದ ಕಂಬಕ್ಕೆ ವಿದ್ಯುತ್ ತಂತಿಗಳನ್ನು ತುಸು ಜೋತುಬೀಳುವಂತೆ ಎಳೆಯುವುದು ಕೆಲಸಗಾರರ ಸೋಮಾರಿತನದಿಂದಲ್ಲ.

ಎರಡು ಸದಿಶಗಳಿಂದ ಅದಿಶವೊಂದು ಹುಟ್ಟುವುದೂ ಉಂಟು. ಬಲ ಸದಿಶ, ಸ್ಥಾನಪಲ್ಲಟ ಸದಿಶ. ಬಲ ತನ್ನ ದಿಕ್ಕಿನಲ್ಲಿ ವಸ್ತುವನ್ನು ಸರಿಸಿದಾಗ ನಡೆಯುವ ಕೆಲಸ ಅದಿಶ. ಈ ವ್ಯಾಖ್ಯೆಯ ಪ್ರಕಾರ, ತಲೆಯ ಮೇಲೆ ಮೂಟೆ ಹೊತ್ತು ಸಮತಟ್ಟಾದ ರಸ್ತೆಯಲ್ಲಿ ನಡೆಯುವ ಹಮಾಲಿ ಮೂಟೆಯನ್ನೆತ್ತಿ ಹಿಡಿದ ಬಲದಿಂದ ಮಾಡಿದ ಕೆಲಸ ಸೊನ್ನೆ. ಬಲ ಮೇಲಕ್ಕೆ, ಚಲನೆ ಅಡ್ಡಕ್ಕೆ. ಭೌತವಿಜ್ಞಾನದ ದೃಷ್ಟಿಯಿಂದ ಇದು ನಿರ್ದುಷ್ಟವಾದ ಮಾತು. ಕೂಲಿ ಕೊಡುವ ವೇಳೆಯಲ್ಲಿ ಆಡತಕ್ಕದ್ದಲ್ಲ.

ಇಷ್ಟನ್ನು ಕೇಳಿದವರಿಗೆ, ಅಳತೆಯೂ ದಿಕ್ಕೂ ಇರುವುದೆಲ್ಲ ಸದಿಶ ಎಂದು ತೋರಬಹುದು. ಪಠ್ಯಪುಸ್ತಕಗಳೂ ಬಹುಮಟ್ಟಿಗೆ ಹಾಗೆಯೇ ಹೇಳಿ ಮುಗಿಸುತ್ತವೆ. ಆದರೆ ಅದು ಅರ್ಧಸತ್ಯ. ತಂತಿಯಲ್ಲಿ ಹರಿಯುವ ವಿದ್ಯುತ್ಪ್ರವಾಹಕ್ಕೆ ಅಳತೆ ಉಂಟು, ಈ ಕಡೆಯಿಂದ ಆ ಕಡೆಗೆ ಎಂಬ ದಿಕ್ಕೂ ಉಂಟು. ಆದರೂ ಅದು ಅದಿಶ. 3 ಆಂಪಿಯರಿನ ತಂತಿಯೂ 4 ಆಂಪಿಯರಿನ ತಂತಿಯೂ ಒಂದು ಗಂಟಿನಲ್ಲಿ ಕೂಡಿ ಮೂರನೆಯ ತಂತಿಯಾಗಿ ಮುಂದುವರಿದರೆ ಅದರಲ್ಲಿ 7 ಆಂಪಿಯರ್ ಹರಿಯುತ್ತದೆ. ಮೊದಲೆರಡು ತಂತಿಗಳ ನಡುವೆ ಯಾವ ಕೋನವಿದ್ದರೂ ಏಳೇ. ಅದು ಅಕ್ಕಿಯ ಲೆಕ್ಕವನ್ನು ಅನುಸರಿಸುತ್ತದೆ, ದೋಣಿಯ ಲೆಕ್ಕವನ್ನಲ್ಲ. ಆದ್ದರಿಂದ ಒಂದು ಪರಿಮಾಣದ ಜಾತಿಯನ್ನು ನಿರ್ಣಯಿಸಬೇಕಾದರೆ ಅದಕ್ಕೆ ದಿಕ್ಕಿದೆಯೇ ಎಂದು ಕೇಳಿದರೆ ಸಾಲದು. ತನ್ನಂಥದೇ ಇನ್ನೊಂದರೊಡನೆ ಅದು ಹೇಗೆ ಕೂಡುತ್ತದೆ ಎಂದು ಕೇಳಬೇಕು.

ಇದಕ್ಕಿಂತಲೂ ಸೋಜಿಗದ ನಿದರ್ಶನವೊಂದಿದೆ. ಅದನ್ನು ಕೈಯಾರೆ ಮಾಡಿ ನೋಡಬಹುದು. ದಪ್ಪ ರಟ್ಟಿನ ಪುಸ್ತಕವೊಂದನ್ನು, ಹೊದಿಕೆ ಮೇಲಾಗಿ, ಬೆನ್ನು ನಿಮ್ಮ ಎಡಕ್ಕೆ ಬರುವಂತೆ ಮೇಜಿನ ಮೇಲೆ ಮಲಗಿಸಿ. ಮೊದಲು ಅದರ ಆಚೆಯಂಚನ್ನು ಎತ್ತಿ ಹೊದಿಕೆ ನಿಮಗೆ ಎದುರಾಗುವಂತೆ ನಿಲ್ಲಿಸಿ. ಅನಂತರ, ನಿಂತ ಪುಸ್ತಕವನ್ನು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ರೀತಿಯಲ್ಲಿ ಕಾಲು ಸುತ್ತು ತಿರುಗಿಸಿ. ಪುಸ್ತಕ ತಲೆ ಮೇಲಾಗಿ ನಿಂತಿದೆ, ಹೊದಿಕೆ ನಿಮ್ಮ ಎಡಕ್ಕೆ ಮುಖಮಾಡಿದೆ. ಪುಸ್ತಕವನ್ನು ಮತ್ತೆ ಮೊದಲಿನಂತೆ ಮಲಗಿಸಿ, ಅವೇ ಎರಡು ತಿರುವುಗಳನ್ನು ಹಿಂದುಮುಂದಾಗಿ ಮಾಡಿ: ಮಲಗಿದ್ದಂತೆಯೇ ಮೊದಲು ಕಾಲು ಸುತ್ತು, ಆಮೇಲೆ ಆಚೆಯಂಚನ್ನು ಎತ್ತುವುದು. ಈ ಬಾರಿ ಹೊದಿಕೆ ನಿಮ್ಮನ್ನೇ ನೋಡುತ್ತಿರುತ್ತದೆ, ಪುಸ್ತಕದ ಬೆನ್ನು ಮೇಲಿರುತ್ತದೆ. ತಿರುವಿಗೆ ಅಳತೆಯುಂಟು, ಯಾವ ಅಕ್ಷದ ಸುತ್ತ ಎಂಬ ದಿಕ್ಕೂ ಉಂಟು. ಆದರೆ ಮೂರಕ್ಕೆ ನಾಲ್ಕನ್ನು ಕೂಡಿಸಿದರೂ ನಾಲ್ಕಕ್ಕೆ ಮೂರನ್ನು ಕೂಡಿಸಿದರೂ ಫಲ ಒಂದೇ ಆಗಿರಬೇಕೆಂಬ ಮೊದಲ ನಿಯಮವನ್ನೇ ಅದು ಪಾಲಿಸುವುದಿಲ್ಲ. ಪೂರ್ವಕ್ಕೆ ಮೂರು, ಉತ್ತರಕ್ಕೆ ನಾಲ್ಕು ನಡೆದವನೂ ಉತ್ತರಕ್ಕೆ ನಾಲ್ಕು, ಪೂರ್ವಕ್ಕೆ ಮೂರು ನಡೆದವನೂ ಒಂದೇ ಜಾಗಕ್ಕೆ ಬರುತ್ತಾರೆ, ಪುಸ್ತಕ ಬರುವುದಿಲ್ಲ. ಆದ್ದರಿಂದ ದೊಡ್ಡ ತಿರುವುಗಳು ಸದಿಶಗಳಲ್ಲ. ತಿರುವು ತೀರ ಸಣ್ಣದಾದಷ್ಟೂ ಈ ಭೇದ ಕರಗುತ್ತ ಹೋಗುತ್ತದೆ. ಅದರಿಂದಲೇ ತಿರುಗುವ ವೇಗವನ್ನು, ಅಂದರೆ ಕೋನೀಯ ವೇಗವನ್ನು, ಸದಿಶವೆಂದು ಎಣಿಸಲು ಅಡ್ಡಿಯಿಲ್ಲ.

ಕ್ರಮ ಬದಲಾದರೆ ಫಲ ಬದಲಾಗುವ ಇಂಥ ಗಣಿತವನ್ನು ಕಂಡವನೇ ಅದಿಶ, ಸದಿಶ ಎಂಬ ಭೇದಕ್ಕೆ ಇಂಗ್ಲಿಷಿನಲ್ಲಿ ಇಂದಿನ ಹೆಸರುಗಳನ್ನಿಟ್ಟವನು: ಐರ್ಲೆಂಡಿನ ವಿಲಿಯಂ ರೋವನ್ ಹ್ಯಾಮಿಲ್ಟನ್. 1843ರ ಅಕ್ಟೋಬರ್ 16ರಂದು ಅವನು ಪತ್ನಿಯೊಡನೆ ಡಬ್ಲಿನ್ನಿನ ಕಾಲುವೆಯ ದಂಡೆಯಲ್ಲಿ ನಡೆಯುತ್ತಿದ್ದಾಗ, ವರ್ಷಗಳಿಂದ ಹುಡುಕುತ್ತಿದ್ದ ಸೂತ್ರ ಹೊಳೆದು, ಎದುರಿಗಿದ್ದ ಸೇತುವೆಯ ಕಲ್ಲಿನ ಮೇಲೆಯೇ ಅದನ್ನು ಗೀಚಿದ. ಅವನ ಹೊಸ ಸಂಖ್ಯೆಗೆ ನಾಲ್ಕು ಅಂಗಗಳು. ಒಂದು ಬರಿಯ ಸಂಖ್ಯೆ, ಅದು ಅದಿಶ. ಉಳಿದ ಮೂರು ಸೇರಿ ಸದಿಶ. ಅದು ಅದ್ಭುತ ಸೃಷ್ಟಿಯಾಗಿದ್ದರೂ ದಿನಬಳಕೆಗೆ ಭಾರವಾಗಿತ್ತು. ಅಮೆರಿಕದ ಯೇಲ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ವಿಲರ್ಡ್ ಗಿಬ್ಸ್ ಅದನ್ನು ಬಿಡಿಸಿ, ಅದಿಶವನ್ನು ಬೇರೆಯಾಗಿಯೂ ಸದಿಶವನ್ನು ಬೇರೆಯಾಗಿಯೂ ಇಟ್ಟು, 1881 ಮತ್ತು 1884ರಲ್ಲಿ ತನ್ನ ವಿದ್ಯಾರ್ಥಿಗಳಿಗಾಗಿ ಪುಟ್ಟ ಟಿಪ್ಪಣಿಯೊಂದನ್ನು ಅಚ್ಚುಮಾಡಿಸಿದ. ಇಂಗ್ಲೆಂಡಿನಲ್ಲಿ ಆಲಿವರ್ ಹೆವಿಸೈಡ್ ಸ್ವತಂತ್ರವಾಗಿ ಅದೇ ದಾರಿ ಹಿಡಿದ. ಹ್ಯಾಮಿಲ್ಟನ್ನನ ಅನುಯಾಯಿಗಳು ಇದನ್ನು ಅಪಚಾರವೆಂದು ಬಗೆದು ವರ್ಷಗಟ್ಟಲೆ ಜಗಳವಾಡಿದರು. ಗೆದ್ದದ್ದು ಗಿಬ್ಸನ ಪಕ್ಷ. ಇಂದು ನಮ್ಮ ಕಾಲೇಜುಗಳಲ್ಲಿ ಕಲಿಸುವುದು ಅವನ ಪದ್ಧತಿಯನ್ನೇ. ಆದರೂ, ಆಕಾಶನೌಕೆಗಳ ತಿರುವುಗಳನ್ನು ಲೆಕ್ಕಹಾಕುವ ಗಣಕಯಂತ್ರಗಳು ಈಗ ಮತ್ತೆ ಹ್ಯಾಮಿಲ್ಟನ್ನನ ನಾಲ್ಕಂಗದ ಸಂಖ್ಯೆಗಳನ್ನು ಬಳಸುತ್ತಿವೆ.

ಇನ್ನು ಉಳಿದದ್ದು ದಿಕ್ಕು ಎಂಬ ಪದದೊಳಗೇ ಅಡಗಿರುವ ಒಂದು ತೊಡಕು. ದಿಕ್ಕೆಂದರೆ ಒಂದು ಗೆರೆ ಮಾತ್ರವಲ್ಲ. ಆ ಗೆರೆಯ ಎರಡು ತುದಿಗಳಲ್ಲಿ ಯಾವುದರ ಕಡೆಗೆ ಮುಖ ಎಂಬುದೂ ಅದರಲ್ಲಿ ಸೇರಿದೆ. ರೈಲುಹಳಿಯನ್ನು ಕಂಡಮಾತ್ರಕ್ಕೆ ರೈಲು ಎತ್ತ ಹೋಯಿತೆಂದು ತಿಳಿಯುವುದಿಲ್ಲ. ನೈಋತ್ಯ ಮಾರುತದ ಬಾಣವನ್ನು ನಕಾಶೆಯಲ್ಲಿ ಬರೆಯುವಾಗ ಮೊನೆಯನ್ನು ಈಶಾನ್ಯಕ್ಕಿಡಬೇಕು, ಏಕೆಂದರೆ ಗಾಳಿಗೆ ಹೆಸರು ಅದು ಬಂದ ದಿಕ್ಕಿನಿಂದ. ನಾವಿಕರು ಸಮುದ್ರದ ಪ್ರವಾಹಕ್ಕೆ ಅದು ಹೋಗುವ ದಿಕ್ಕಿನ ಹೆಸರನ್ನು ಹೇಳುತ್ತಾರೆ. ಗಾಳಿಗೊಂದು ವಾಡಿಕೆ, ನೀರಿಗೊಂದು ವಾಡಿಕೆ.

ಈ ಮಾತುಗಳನ್ನು ನೀವು ಸಣ್ಣ ಟ್ರಾನ್ಸಿಸ್ಟರಿನಲ್ಲಿ ಮಧ್ಯಮ ತರಂಗದಲ್ಲಿ ಕೇಳುತ್ತಿದ್ದರೆ, ಅದನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಸುತ್ತಲೂ ತಿರುಗಿಸಿ. ಒಂದು ನಿಲುವಿನಲ್ಲಿ ಧ್ವನಿ ತೀರ ಕುಗ್ಗುತ್ತದೆ. ಪೆಟ್ಟಿಗೆಯೊಳಗಿನ ಆಂಟೆನಾ ಕಡ್ಡಿಯ ತುದಿ ಆಗ ಬಾನುಲಿ ನಿಲಯದ ಕಡೆಗಿರುತ್ತದೆ. ನಿಲಯ ಯಾವ ದಿಕ್ಕಿನಲ್ಲಿದೆ ಎಂದು ಗೊತ್ತಾಯಿತೆಂದು ಹಿಗ್ಗುವ ಮೊದಲು ಇನ್ನೂ ಅರ್ಧ ಸುತ್ತು ತಿರುಗಿಸಿ. ಧ್ವನಿ ಮತ್ತೆ ಅಷ್ಟೇ ಕುಗ್ಗುತ್ತದೆ. ಗೆರೆ ಸಿಕ್ಕಿತು; ನಿಲಯ ಮುಂದಿದೆಯೋ ಹಿಂದಿದೆಯೋ ತಿಳಿಯಲಿಲ್ಲ.

1943ರ ಏಪ್ರಿಲ್ 4ರಂದು ಲಿಬಿಯದ ಬೆಂಗಾಜಿಗೆ ಸಮೀಪದ ನೆಲೆಯಿಂದ ಅಮೆರಿಕದ ಬಾಂಬರ್ ವಿಮಾನವೊಂದು ಇಟಲಿಯ ನೇಪಲ್ಸ್ ಮೇಲಿನ ದಾಳಿಗೆ ಹೊರಟಿತು. ಅದರ ಹೆಸರು ಲೇಡಿ ಬಿ ಗುಡ್; ಒಂಬತ್ತು ಮಂದಿ ಅದರಲ್ಲಿದ್ದರು. ಸಮುದ್ರದ ಮೇಲೆ ದಕ್ಷಿಣಾಭಿಮುಖವಾಗಿ ಮರಳುವಾಗ ಕತ್ತಲಾಗಿತ್ತು. ವಿಮಾನದವರು ರೇಡಿಯೋ ಮೂಲಕ ನೆಲದಿಂದ ದಿಕ್ಕನ್ನು ಕೇಳಿದರು. ನೆಲದ ಉಪಕರಣ ಗೆರೆಯನ್ನು ಸರಿಯಾಗಿಯೇ ತೋರಿಸಿತು. ಆದರೆ ಅದೂ ಬಳೆಯಾಕಾರದ ಆಂಟೆನಾವನ್ನುಳ್ಳದ್ದು, ಟ್ರಾನ್ಸಿಸ್ಟರಿನಂತೆಯೇ ಎರಡು ಮುಖಗಳನ್ನು ಬೇರ್ಪಡಿಸಲಾರದು. ವಿಮಾನ ಅಷ್ಟರಲ್ಲಿ ನೆಲೆಯನ್ನು ದಾಟಿ ಮರುಭೂಮಿಯ ಮೇಲಿತ್ತೆಂದೂ, ಇನ್ನೂ ಸಮುದ್ರದ ಮೇಲಿದೆಯೆಂದೇ ಎಲ್ಲರೂ ಭಾವಿಸಿದರೆಂದೂ ಅನಂತರ ಇದನ್ನು ಪರಿಶೀಲಿಸಿದವರು ವಿವರಿಸಿದ್ದಾರೆ. ಇಂಧನ ಮುಗಿಯುವ ಹೊತ್ತಿಗೆ ಅದು ನೆಲೆಯಿಂದ ಸುಮಾರು 700 ಕಿಲೊಮೀಟರು ದಕ್ಷಿಣಕ್ಕೆ, ಮರಳುಗಾಡಿನ ಒಳಗೆ ಬಂದಿತ್ತು. ಪ್ಯಾರಾಚೂಟಿನಲ್ಲಿ ಇಳಿದು ಬದುಕುಳಿದವರು ಕರಾವಳಿ ಹತ್ತಿರದಲ್ಲಿದೆಯೆಂಬ ನಂಬಿಕೆಯಿಂದ ವಾಯವ್ಯದ ಕಡೆಗೆ ನಡೆಯತೊಡಗಿದರು; ನೀರು ಇಲ್ಲವೆಂಬಷ್ಟು ಅಲ್ಪವಾಗಿದ್ದರೂ ನೂರು ಕಿಲೊಮೀಟರಿಗೂ ಹೆಚ್ಚು ನಡೆದರು. ಎಣ್ಣೆ ನಿಕ್ಷೇಪಗಳನ್ನು ಹುಡುಕುತ್ತಿದ್ದವರ ಕಣ್ಣಿಗೆ ಆಕಾಶದಿಂದ ವಿಮಾನದ ಅವಶೇಷ ಬಿದ್ದದ್ದು 1958ರಲ್ಲಿ. ಒಬ್ಬನ ಕಿಸೆಯ ದಿನಚರಿ ಸಿಕ್ಕಿತು. ಎಂಟು ಮಂದಿಯ ದೇಹಾವಶೇಷ 1960ರಲ್ಲಿ ದೊರೆಯಿತು, ಒಂಬತ್ತನೆಯವನದು ಸಿಕ್ಕಿಲ್ಲ.

ಬಳೆಯಾಕಾರದ ಆಂಟೆನಾದ ಈ ಕೊರತೆಯನ್ನು ನೀಗುವ ಉಪಾಯ ಆಗಲೂ ತಿಳಿದಿತ್ತು. ಬಳೆಯ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದ ತಂತಿಯೊಂದನ್ನು ಸೇರಿಸಿ ಎರಡರ ಸಂಕೇತಗಳನ್ನೂ ಕೂಡಿಸಬೇಕು. ನಿಂತ ತಂತಿಗೆ ಎಲ್ಲ ದಿಕ್ಕುಗಳೂ ಸಮಾನ. ಬಳೆಗೆ ಮುಂದಿನಿಂದ ಬಂದ ಅಲೆಗೂ ಹಿಂದಿನಿಂದ ಬಂದ ಅಲೆಗೂ ಚಿಹ್ನೆ ವಿರುದ್ಧ. ಆದ್ದರಿಂದ ಕೂಡಿಸಿದಾಗ ಒಂದು ಮುಖದಲ್ಲಿ ಎರಡೂ ಸೇರಿ ಇಮ್ಮಡಿಯಾಗುತ್ತವೆ, ಇನ್ನೊಂದು ಮುಖದಲ್ಲಿ ಒಂದನ್ನೊಂದು ಅಳಿಸಿ ಸೊನ್ನೆಯಾಗುತ್ತವೆ.